ಟ್ರ್ಯಾಕ್ಟರ್ ಸೀಟಿನ ಪಾಲುದಾರ

ಬಡ್ಡಿ ಲೆಕ್ಕ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಗೋಕಾಕದ ಒಂದು ಪತ್ತಿನ ಸಂಘದಲ್ಲಿ ನಿವೃತ್ತಿಯವರೆಗೂ ಅದನ್ನೇ ಮಾಡಿದವನು ನಾನು. ಬಡ್ಡಿಯಲ್ಲೊಂದು ಸುಖವಿದೆ. ಸಾಲ ಪಡೆದವನ ಅಂಗಡಿಯಲ್ಲಿ ಆಳುಗಳು ದುಡಿಯಲಿ, ಮಲಗಲಿ, ನಮಗೇನು? ಕಂತು ಬಂದರಾಯಿತು. ಆ ಸುಖ ಹೋದದ್ದು ಮೂಡಲಗಿಯ ದಸ್ತಗೀರನಿಂದ.

ದಸ್ತಗೀರ ಟ್ರ್ಯಾಕ್ಟರ್ ಸೀಟು ಹೊಲಿಯುವವನು, ಹಳೆಯ ಪರಿಚಯ. ಅವನಿಗೆ ಹೊಸ ಮಷೀನು ಬೇಕಿತ್ತು. ನಾನು ದೊಡ್ಡಸ್ತಿಕೆಯಿಂದ, ಕಡಿಮೆ ಬಡ್ಡಿಗೆ ಕೊಡುತ್ತೇನೆ ಎಂದೆ.

"ಬಡ್ಡಿ ನಮಗ ನಡ್ಯಂಗಿಲ್ರಿ ಸಾಹೇಬ್ರ," ಎಂದ. "ಇಸ್ಲಾಮಿಕ್ ಬ್ಯಾಂಕಿನ ರೀತಿ ಮಾಡೂಣು. ನೀವೂ ರೊಕ್ಕ ಹಾಕ್ರಿ, ನಾನೂ ಹಾಕ್ತೇನಿ. ಲಾಭ ಬಂದ್ರ ಇಬ್ರಿಗೂ, ಲುಕ್ಸಾನ ಆದ್ರ ಇಬ್ರಿಗೂ. ಅದರಾಗ ರೊಕ್ಕ ಸುಮ್ನ ಕುಂದ್ರಂಗಿಲ್ರಿ, ದುಡೀಬೇಕು."

ರೊಕ್ಕವೇ ದುಡಿಯುವುದಾದರೆ ನನ್ನ ಹೆಂಡತಿಯ ತಮ್ಮನೂ ಯಾಕೆ ದುಡಿಯಬಾರದು? ಹುಕ್ಕೇರಿಯ ಈ ಈರಣ್ಣ ಕೆಲಸವಿಲ್ಲದೆ ನಮ್ಮ ಮನೆಯಲ್ಲೇ ಇದ್ದ. ಅವನಿಗೆ ನೋಡಿದ್ದ ಬೆಲ್ಲದ ಬಾಗೇವಾಡಿ ಊರಿನ ಹೆಣ್ಣಿನವರು, ಕೆಲಸ ಹಿಡಿದರೆ ಮದುವೆ ಎಂದಿದ್ದರು. ಅವನನ್ನು ಅಂಗಡಿಗೆ ಸೇರಿಸಿಕೊಳ್ಳುವ ಷರತ್ತಿನ ಮೇಲೆ ನಾನು ಪಾಲುದಾರನಾದೆ. ಆ ವಾರ ಮನೆಯಲ್ಲಿ ನನಗೆ ಎರಡು ಸಲ ಹೋಳಿಗೆ ಸಿಕ್ಕಿತು.

ಪಾಲುದಾರನಲ್ಲವೇ, ಒಂದು ದಿನ ನೋಡಿಬರಲು ಹೋದೆ. ಮಸಗುಪ್ಪಿಯ ರೈತರೊಬ್ಬರ ಹೊಸ ಸೀಟಿನ ಮೇಲೆ ಈರಣ್ಣ ಕೂತು ತೂಕಡಿಸುತ್ತಿದ್ದ.

"ಏನೋ ಇದು?"

"ಸೀಟ ಟೆಸ್ಟ ಮಾಡಾಕತ್ತೇನಿ ಮಾಮಾ."

ಅವನ ಪಗಾರ ಕಳೆದ ಮೇಲೆ ಉಳಿದದ್ದಷ್ಟೇ ಲಾಭ ಎನ್ನುವುದು ನನಗೆ ಆಗ ಹೊಳೆಯಿತು. ಸಂಘದಲ್ಲಿದ್ದಾಗ ಯಾರ ನಿದ್ದೆಯೂ ನನ್ನ ಹೊಟ್ಟೆ ಉರಿಸಿರಲಿಲ್ಲ. ದಸ್ತಗೀರ, "ಇರ್ಲಿ ಬಿಡ್ರಿ, ಹೊಸಬ, ಕಲೀತಾನ," ಎಂದರೂ ಕೇಳದೆ ಅಲ್ಲೇ ಈರಣ್ಣನನ್ನು ಕೆಲಸದಿಂದ ಬಿಡಿಸಿದೆ.

ಮನೆಗೆ ಬಂದರೆ ಹೆಂಡತಿ ಕಾಯುತ್ತಿದ್ದಳು. "ಕೆಲಸಾ ಕೊಡಿಸಿದವರೂ ನೀವ, ಕಸಗೊಂಡವರೂ ನೀವ. ಬಾಗೇವಾಡಿಯವರಿಗೆ ಏನ್ ಹೇಳ್ಲಿ? ಅಷ್ಟ ಹುರುಪಿದ್ರ ಅವನ ಜಾಗಾಕ ನೀವ ಹೋಗ್ರಿ." ಕಣ್ಣಲ್ಲಿ ನೀರಿತ್ತು. ನನಗೂ ಕೆಟ್ಟೆನಿಸಿತು. ಆದರೆ ಮಾಲೀಕ ಮಾತು ಹಿಂತೆಗೆದುಕೊಳ್ಳುವುದುಂಟೇ! ಮರುದಿನ ಬುತ್ತಿ ಕಟ್ಟಿಕೊಂಡು ಮೂಡಲಗಿ ಬಸ್ಸು ಹತ್ತಿದೆ.

ಬೆಳಗಿನಿಂದ ರೆಕ್ಸಿನ್ ಕತ್ತರಿಸಿದೆ, ಸೀಟಿಗೆ ಫೋಮು ತುಂಬಿದೆ. ಸೊಂಟ ಹಿಡಿಯಿತು. ಊಟವಾದ ಮೇಲೆ ಒಂದು ನಿಮಿಷವೆಂದು ಹೊಸ ಸೀಟಿನ ಮೇಲೆ ಕೂತವನಿಗೆ ಎಚ್ಚರವಾದದ್ದು ದಸ್ತಗೀರನ ದನಿ ಕೇಳಿ.

"ಏನ್ ಮಾಡಾಕತ್ತೀರಿ ಸಾಹೇಬ್ರ?"

"ಟೆಸ್ಟ," ಎಂದೆ.

ಅವನು ನಗಲಿಲ್ಲ. ನನ್ನನ್ನು ಬಿಡಿಸುವ ಹಕ್ಕು ಅವನಿಗಿತ್ತು, ಬಿಡಿಸಲೂ ಇಲ್ಲ. ಸುಮ್ಮನೆ ಒಂದು ಕಪ್ ಚಹಾ ತಂದಿಟ್ಟು ಹೊಲಿಯಲು ಕೂತ. ಅದನ್ನು ಕುಡಿದು ಈರಣ್ಣನಿಗೆ ಫೋನು ಮಾಡಿದೆ: "ನಾಳಿಂದ ಬಾರೋ ತಮ್ಮಾ. ಟೆಸ್ಟ ಮಾಡಾಕ ನಾ ಒಬ್ಬಾಂವ ಸಾಲಂಗಿಲ್ಲ."