ಬಿಗಿ ಬೈಂಡಿಂಗ್ ಮತ್ತು ಕೇಳದೆ ಬಂದ ರಜೆಯ ಬಾಬ್ತು

ಇಂದ:
ಜೆರೋಮ್ ಇರುದಯರಾಜ್,
ಗುಣಮಟ್ಟ ತಪಾಸಣಾ ವಿಭಾಗ
(ಆದೇಶದ ಪ್ರಕಾರ ಬರುವ ಸೋಮವಾರದಿಂದ ಅಸ್ವಸ್ಥರು, ಸದ್ಯಕ್ಕೆ ಗಟ್ಟಿಮುಟ್ಟು)

ಗೆ:
ಶ್ರೀ ಸ್ವರೂಪ್,
ಪ್ರಧಾನ ವ್ಯವಸ್ಥಾಪಕರು,
ಪಟ್ಟಿ ಮತ್ತು ಬಕಲ್ ತಯಾರಿಕಾ ಕಾರ್ಖಾನೆ,
ಹೂಟಗಳ್ಳಿ, ಮೈಸೂರು.

ವಿಷಯ: ಎಲ್ಲ ಬಗೆಯ ಸವಾರಿಗೂ ಒಗ್ಗುವ ಸ್ನೋಬೋರ್ಡ್ ಬೈಂಡಿಂಗನ್ನು ಆಯ್ಕೆ ಮಾಡಿದ್ದಕ್ಕಾಗಿ ಅರ್ಜಿದಾರರಿಗೆ ಕೇಳದೆ ಮಂಜೂರಾದ ವೈದ್ಯಕೀಯ ರಜೆಯನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: (ಅ) ತಮ್ಮ ಕೊಠಡಿಯಲ್ಲಿ ತಾವು ಬಾಯಿಮಾತಿನಲ್ಲಿ ನೀಡಿದ ಆದೇಶ: "ಏನಾದ್ರೂ ಮಾಡಿ, ಸೈನ್ ಮಾತ್ರ ಹಾಕಿ."
(ಆ) ನಿನ್ನೆ ಅರ್ಜಿದಾರರ ಮೇಜಿನ ಮೇಲೆ ಟೀ ಲೋಟದ ಕೆಳಗೆ ಸಿಕ್ಕ ರಜೆ ಆದೇಶ.

ಮಾನ್ಯರೇ,

ಮೊದಲಿಗೇ ಒಂದು ಸ್ಪಷ್ಟನೆ. ಈ ಅರ್ಜಿಯ ಉದ್ದಕ್ಕೂ ಅರ್ಜಿದಾರರನ್ನು 'ಅರ್ಜಿದಾರರು' ಎಂದೇ ಕರೆಯಲಾಗಿದೆ. 'ನಾನು' ಎಂದು ಬರೆಯಲು ಕೂತರೆ ಅವರು ಮುಂದಿನ ಸಾಲಿನಲ್ಲೇ ಕ್ಷಮೆ ಕೇಳಿಬಿಡುತ್ತಾರೆ. ಅರ್ಜಿದಾರರು ಎಂದರೆ ಬೇರೆ ಯಾರೋ ಎನಿಸಿ ಕೊಂಚ ಧೈರ್ಯ ಬರುತ್ತದೆ. ಕಾರಣ, ಮನ್ನಿಸುವುದು.

1. ಅರ್ಜಿದಾರರು ಜಗಳಗಂಟರಲ್ಲ. ಬಸ್ಸಿನಲ್ಲಿ ಯಾರಾದರೂ ಅವರ ಕಾಲು ತುಳಿದರೆ ತಾವೇ ಸಾರಿ ಕೇಳುವವರು. ಸದರಿ ಕಾರ್ಖಾನೆಯಲ್ಲಿ ಹೆಲ್ಮೆಟ್ಟಿನ ಪಟ್ಟಿ ಎಳೆದು ನೋಡಿ "ಸರಿಯಿದೆ" ಎಂದು ಮುದ್ರೆ ಒತ್ತುತ್ತಲೇ ಅವರ ಕೂದಲು ನೆರೆತಿದೆ. ಹೀಗಿರುವಾಗ ಹಿಮ ಬೀಳುವ ದೇಶದ ಖರೀದಿದಾರರೊಬ್ಬರಿಂದ ಸ್ನೋಬೋರ್ಡ್ ಬೈಂಡಿಂಗಿಗೆ ಬೇಡಿಕೆ ಬಂತು. ಬೈಂಡಿಂಗ್ ಎಂದರೆ, ಹಿಮದ ಇಳಿಜಾರಿನಲ್ಲಿ ಜಾರುವ ಹಲಗೆಗೆ ಸವಾರನ ಬೂಟನ್ನು ಬಿಗಿಯುವ ಪಟ್ಟಿ-ಬಕಲ್‌ಗಳ ಜೋಡಿ. ಅವರು ಒಂದು ಹಲಗೆಯನ್ನೂ ಒಂದು ಜೊತೆ ಬೂಟನ್ನೂ ಕಳಿಸಿದರು. ಅವರ ನಕ್ಷೆಯ ಪ್ರಕಾರ ನಾವು ಮೂರು ಮಾದರಿ ಮಾಡಿದೆವು: ಮೆತ್ತನೆಯದು, ಮಧ್ಯಮ, ಬಿಗಿ. ಹೊಸಬರಿಗೂ ಹಳಬರಿಗೂ, ಹದ ಮಾಡಿದ ದಾರಿಗೂ ಪುಡಿ ಹಿಮಕ್ಕೂ ಹೊಂದುವ ಒಂದನ್ನು ಆರಿಸಿ ತಿಳಿಸಿ ಎಂಬುದು ಅವರ ಕೋರಿಕೆ.

2. ಆರಿಸುವ ಹೊಣೆ ಅರ್ಜಿದಾರರ ಹೆಗಲಿಗೆ ಬಿದ್ದದ್ದು ಹೇಗೆಂಬುದು ತಮಗೆ ನೆನಪಿರಬಹುದು. ಮೀಟಿಂಗಿನಲ್ಲಿ ತಾವು ಎಲ್ಲರ ಮುಖ ನೋಡಿ, ಕೊನೆಗೆ ಹೀಗೆಂದಿರಿ:

"ಜೆರೋಮ್ ಅವ್ರೇ, ಇದನ್ನ ನೀವೇ ನೋಡ್ಕೊಳ್ಳಿ. ಕ್ರಿಸ್‌ಮಸ್‌ಗೆ ನಿಮ್ಮನೇಲಿ ಸ್ನೋ ಎಲ್ಲಾ ಮಾಡ್ತೀರಲ್ಲ, ನಿಮಗೆ ಐಡಿಯಾ ಇರತ್ತೆ."

ಈ ಸಂಬಂಧ ವಾಸ್ತವಾಂಶ: ಅರ್ಜಿದಾರರ ಮನೆತನದಲ್ಲಿ ಅಜ್ಜನ ಕಾಲದಿಂದಲೂ ಹಿಮವಿದೆ. ಆದರೆ ಅದು ಮೆಡಿಕಲ್ ಶಾಪಿನಲ್ಲಿ ಸಿಗುವ ಹತ್ತಿ. ಕ್ರಿಸ್‌ಮಸ್ ಬೊಂಬೆಗಳನ್ನು ಜೋಡಿಸುವ ಗೋದಲಿಯ ಮೇಲೆ ಹರಡಿದರೆ ಅದು ಯಾರನ್ನೂ ಜಾರಿಸುವುದಿಲ್ಲ. ಮಣ್ಣಿನ ಕುರಿಗಳು ಅದರ ಮೇಲೆ ಜನವರಿಯವರೆಗೂ ಅಲ್ಲಾಡದೆ ನಿಂತಿರುತ್ತವೆ.

3. ಆದಾಗ್ಯೂ ಆದೇಶ ಆದೇಶವೇ ಆದ್ದರಿಂದ, ಅರ್ಜಿದಾರರು ಗೇಟ್ ಪಾಸ್ ಪಡೆದು ಮೂರೂ ಮಾದರಿಗಳನ್ನು ಹಲಗೆ, ಬೂಟುಗಳ ಸಮೇತ ಮನೆಗೆ ಒಯ್ದರು. ಅವರ ಶ್ರೀಮತಿ ಪೌಲಿನ್ ಆಸ್ಪತ್ರೆಯೊಂದರ ಮೂಳೆ ವಾರ್ಡಿನಲ್ಲಿ ನರ್ಸ್. ಚೀಲದಿಂದ ಹೊರಬಂದದ್ದನ್ನು ಕಂಡು ಆಕೆ ಗಾಬರಿಯಾದರು.

"ಯಾರಿಗೇನಾಯ್ತು ರೀ? ಯಾರ ಕಾಲು?"

"ಯಾರದ್ದೂ ಅಲ್ಲ ಕಣೇ, ಇನ್ನೂ ಮುರಿದಿಲ್ಲ. ಇದನ್ನ ಹಾಕ್ಕೊಂಡು ಗುಡ್ಡದ ಮೇಲಿಂದ ಜಾರ್ತಾರಂತೆ."

"ಬೇಕೂ ಅಂತಾನಾ?"

"ದುಡ್ಡು ಕೊಟ್ಟು."

ಆಕೆ ಅದನ್ನು ಒಂದು ಗಳಿಗೆ ತಿರುಗಿಸಿ ನೋಡಿ, ಸೊಪ್ಪು ಸೋಸಲು ಹೊರಟುಹೋದರು.

4. ಮೈಸೂರಿನಲ್ಲಿ ಹಿಮದ ಅಭಾವವಿರುವ ಕಾರಣ, ಪ್ರೆಸ್ ಮಿಷಿನ್ನಿನ ಮಂಟೇಸ್ವಾಮಿಯವರು ಒಂದು ಉಪಾಯ ಹೇಳಿದರು. ಅಶೋಕಪುರಂ ವಾಸಿಯಾದ ಇವರು ಅರ್ಜಿದಾರರ ಜೊತೆಯಲ್ಲೇ ಕೆಲಸಕ್ಕೆ ಸೇರಿದವರು. ಮಧ್ಯಾಹ್ನದ ಊಟವೂ ಇಬ್ಬರದೂ ಒಟ್ಟಿಗೇ. ಅವರ ಭಾವಮೈದ ಕೆಲಸ ಮಾಡುವ ಅಕ್ಕಿ ಗಿರಣಿಯ ಹಿಂದೆ ಭತ್ತದ ಹೊಟ್ಟಿನ ಗುಡ್ಡೆಯೇ ಇದೆಯೆಂದೂ, "ಅಣ್ಣ, ಎಣ್ಣೆ ಉಯ್ದಂಗೆ ಜಾರ್ತದೆ" ಎಂದೂ ತಿಳಿಸಿದರು. ಭಾನುವಾರ ಅರ್ಜಿದಾರರು ಚರ್ಚಿನಿಂದ ನೇರ ಅಲ್ಲಿಗೇ ಹೋದರು.

ಮೆತ್ತನೆಯದರಲ್ಲಿ ಹಲಗೆ ಒಂದು ಕಡೆ ಹೋದರೆ ಪಾದ ಇನ್ನೊಂದು ಕಡೆ ಹೋಗುತ್ತಿತ್ತು. ಆಟಕ್ಕೆ ಚೆಂದ, ವೇಗಕ್ಕಲ್ಲ. ಬಿಗಿ ಮಾದರಿಯನ್ನು ಕಟ್ಟಿಕೊಂಡವರು ಖುದ್ದು ಅರ್ಜಿದಾರರು. ಅದು ಹಿಡಿದರೆ ಬಿಡುವಂಥದ್ದಲ್ಲ, ಬಾಗುವಂಥದ್ದೂ ಅಲ್ಲ. ನುರಿತವನಿಗೆ ಅದೇ ಬೇಕಾಗಬಹುದು. ಅರ್ಜಿದಾರರು ಕಾಲಬೆರಳನ್ನು ಕೊಂಚ ಅಲ್ಲಾಡಿಸಿದ್ದಷ್ಟೇ. ಹಲಗೆ ಅಡ್ಡ ತಿರುಗಿ, ಅವರು ತಲೆಕೆಳಗಾಗಿ ಹೊಟ್ಟಿನೊಳಗೆ ಹೂತುಹೋದರು. ಮಂಟೇಸ್ವಾಮಿಯವರು ಸೊಂಟ ಹಿಡಿದು ಎಳೆದು ಹೊರತೆಗೆದು, "ಜೀವ ಐತಾ ಅಣ್ಣ?" ಎಂದು ವಿಚಾರಿಸಿದರು. ಜೀವ ಇತ್ತು. ಕಣಕಾಲು ಬಾತಿತ್ತು.

ಬಳಿಕ ಮಂಟೇಸ್ವಾಮಿಯವರು ಮಧ್ಯಮ ಮಾದರಿ ಕಟ್ಟಿಕೊಂಡು ಇಳಿದರು. ಬೀಳಬೇಕಾದಲ್ಲಿ ವಾಲಿ, ವಾಲಿದಲ್ಲಿಂದ ಎದ್ದು, ಗುಡ್ಡೆಯ ಬುಡದವರೆಗೂ ನಿಂತೇ ಬಂದರು. ಮೊಮ್ಮಕ್ಕಳಿರುವ ಆ ಮನುಷ್ಯ ಹಲಗೆ ಹೊತ್ತು ಮತ್ತೆ ಮೇಲೆ ಓಡಿದರು. "ಇನ್ನೊಂದ್ಸಲ ಕಣಣ್ಣ, ಇದೊಂದೇ ಸಲ!" ಎನ್ನುತ್ತಲೇ ಕತ್ತಲಾಗುವವರೆಗೂ ಇಳಿದರು. ಆದ್ದರಿಂದ ಅರ್ಜಿದಾರರ ಆಯ್ಕೆ: ಮಧ್ಯಮ.

5. ಮರುದಿನ ಅರ್ಜಿದಾರರು ಕುಂಟುತ್ತ ಬಂದು ಇದನ್ನು ನಿವೇದಿಸಲಾಗಿ, ಬಿಗಿ ಮಾದರಿಯ ಅಚ್ಚು ಆಗಲೇ ಬಂದಾಗಿದೆಯೆಂದು ತಾವು ತಿಳಿಸಿದಿರಿ. 'ಹಿಮದಲ್ಲಿ ಪರೀಕ್ಷಿಸಿ, ಎಲ್ಲ ಬಗೆಯ ಸವಾರಿಗೂ ಯೋಗ್ಯವೆಂದು ದೃಢೀಕರಿಸಿದೆ' ಎಂಬ ಹಾಳೆಯನ್ನು ಸಹಿಗಾಗಿ ಮುಂದೆ ಸರಿಸಿದಿರಿ. "ಹಿಮ ಎಲ್ಲಿ ಸಾರ್?" ಎಂದು ಕೇಳಲಾಗಿ, "ಕ್ಯಾಂಟೀನ್ ಫ್ರೀಜರ್‌ನಲ್ಲಿ ಒಂದಿನ ಇಟ್ಟು ತೆಗೀರಿ. ಐಸ್ ಐಸೇ" ಎಂದಿರಿ.

ಇದೂ ಆದೇಶವೇ ಆದ ಕಾರಣ, ಬಿಗಿ ಮತ್ತು ಮಧ್ಯಮ ಮಾದರಿಗಳನ್ನು ಹಾಲಿನ ಪ್ಯಾಕೆಟ್ಟುಗಳ ನಡುವೆ ಇಡಲಾಯಿತು. ಮರುದಿನ ತೆಗೆದು ಬಕಲ್ ಎಳೆದಾಗ ಮಧ್ಯಮದ ಪಟ್ಟಿ ಬಾಗಿತು. ಬಿಗಿಯದರ ಪಟ್ಟಿಗೆ ತಾವು ಹೊಸದಾಗಿ ತರಿಸಿದ್ದ ಅಗ್ಗದ ಪ್ಲಾಸ್ಟಿಕ್ ಬಳಸಿದ್ದು, ಬಕಲ್ ಕಚ್ಚಿ ಹಿಡಿಯುವ ಅದರ ಹಲ್ಲುಗಳು ಹಪ್ಪಳದಂತೆ ಪಟಪಟ ಉದುರಿದವು. ಅವನ್ನು ಅಂಗೈಯಲ್ಲಿ ಹಿಡಿದು ಅರ್ಜಿದಾರರು ತಮ್ಮ ಕೊಠಡಿಗೆ ಬಂದಾಗ ನಡೆದ ಮಾತುಕತೆ ಯಥಾವತ್ತಾಗಿ ಇಂತಿದೆ:

"ಜೆರೋಮ್ ಅವ್ರೇ, ಫ್ರೀಜರ್ ಒಳಗೆ ಕೂತ್ಕೊಂಡು ಯಾರ್ ರೀ ಸ್ನೋಬೋರ್ಡ್ ಆಡ್ತಾರೆ?"

"ಸಾರ್, ಅಲ್ಲಿ ಊರೇ ಫ್ರೀಜರು."

ತಾವು ಕಣ್ಣುಜ್ಜಿಕೊಂಡಿರಿ. ತಮ್ಮ ಮೇಲೂ ಮೇಲಿನವರಿದ್ದಾರೆ, ತಮಗೂ ನಿದ್ದೆಯಿಲ್ಲ ಎಂಬುದು ಅರ್ಜಿದಾರರಿಗೆ ಆಗ ಕಾಣಿಸಿತು. ಆಮೇಲೆ ತಾವು ಮೆಲ್ಲಗೆ ಹೇಳಿದಿರಿ: "ಈ ಆರ್ಡರ್ ಹೋದ್ರೆ ಪ್ರೆಸ್ ಸೆಕ್ಷನ್ ಮುಚ್ಚಬೇಕಾಗತ್ತೆ. ಮೊದ್ಲು ಮನೆಗೆ ಹೋಗೋದು ಮಂಟೇಸ್ವಾಮಿ. ನಿಮ್ಮ ಫ್ರೆಂಡು. ಯೋಚ್ನೆ ಮಾಡಿ."

6. ಅರ್ಜಿದಾರರು ಯೋಚನೆ ಮಾಡಿದರು. ಮಾಡಿ ತಾಳಲಾರದೆ ಊಟದ ಹೊತ್ತಿನಲ್ಲಿ ಮಂಟೇಸ್ವಾಮಿಯವರಿಗೇ ಎಲ್ಲ ಹೇಳಿಬಿಟ್ಟರು. ಅವರು ತುತ್ತು ಕೈಯಲ್ಲೇ ಹಿಡಿದು ಕೇಳಿದರು.

"ನನ್ ಎಸ್ರೇಳಿ ಸಹಿ ಆಕ್ಬೇಡ ಕಣಣ್ಣ. ನನ್ ಕೆಲ್ಸ ಉಳೀಲಿ ಅಂತ ಯಾವ್ದೋ ದೇಶದ ಮಗೀನ್ ಕಾಲ್ ಮುರೀಬೇಕಾ? ಬುಡು. ಮಿಷಿನ್ನು ಇದೊಂದೇ ಫ್ಯಾಕ್ಟ್ರೀಲಿ ಐತಾ?"

ಬಾಯಲ್ಲಿ ಹಾಗೆಂದರೂ ಅವರು ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದ್ದು ಅರ್ಜಿದಾರರ ಗಮನಕ್ಕೆ ಬಂದಿದೆ.

ಅಂದು ಸಂಜೆ ಶ್ರೀಮತಿ ಪೌಲಿನ್ ಅರ್ಜಿದಾರರ ಕಣಕಾಲಿಗೆ ಪಟ್ಟಿ ಸುತ್ತುತ್ತ ಕೇಳಿದರು: "ಸಹಿ ಹಾಕಿ ಬಂದು ಮಲಗಿದ್ರೆ ನಿಮಗೆ ನಿದ್ದೆ ಬರತ್ತೇನ್ರೀ?"

"ಬರಲ್ಲ."

"ನಿಮಗೆ ಬರ್ದಿದ್ರೆ ನನಗೂ ಬರಲ್ಲ. ಹೊರಳಾಡಿ ಹೊರಳಾಡಿ ಮಂಚ ಮುರೀತೀರಿ. ಹಾಕ್ಬೇಡಿ ಅಷ್ಟೇ." ಹೀಗೆಂದು ಪಟ್ಟಿಯನ್ನು ಬೇಕಾದ್ದಕ್ಕಿಂತ ಒಂದು ಸುತ್ತು ಜಾಸ್ತಿಯೇ ಸುತ್ತಿದರು. ಕಾರಣ, ಅರ್ಜಿದಾರರು ಸಹಿ ಹಾಕಿರುವುದಿಲ್ಲ.

7. ಸೋಮವಾರ ಖರೀದಿದಾರರ ಪ್ರತಿನಿಧಿ ಖುದ್ದು ಬರುತ್ತಿದ್ದು, ಆ ಮಹಿಳೆ ಚಿಕ್ಕಂದಿನಿಂದ ಹಿಮದಲ್ಲೇ ಜಾರಿ ಬೆಳೆದವರೆಂದು ತಿಳಿದುಬಂದಿದೆ. ಅದೇ ಸೋಮವಾರದಿಂದ ಅನ್ವಯವಾಗುವಂತೆ ಅರ್ಜಿದಾರರಿಗೆ 'ತೀವ್ರ ಅನಾರೋಗ್ಯದ ನಿಮಿತ್ತ' ರಜೆ ಮಂಜೂರಾಗಿದೆ. ವರ್ಷಗಳ ಹಿಂದೆ ಮಗಳು ವಿನೀತಾ ಚರ್ಚಿನಲ್ಲಿ ಮೊದಲ ಬಾರಿ ಪರಮಪ್ರಸಾದ ಸ್ವೀಕರಿಸಿದ ದಿನ ಅರ್ಧ ದಿನದ ರಜೆ ಬೇಡಿ ಸಿಗದೆ, ಅರ್ಜಿದಾರರು ಚರ್ಚಿನ ಬಾಗಿಲಿಗೆ ಬರುವಷ್ಟರಲ್ಲಿ ಫೋಟೊ ತೆಗೆದಾಗಿತ್ತು. ಅಂಥ ಕಾರ್ಖಾನೆಯಲ್ಲಿ ಕೇಳದೆ ರಜೆ ಬಂದದ್ದು ಕಂಡು ಅವರ ಕಣ್ಣು ತುಂಬಿದ್ದು ನಿಜ. ಆದರೂ ಅದನ್ನು ಗೌರವಪೂರ್ವಕವಾಗಿ ವಾಪಸು ಮಾಡಲಾಗಿದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಸದರಿ ರಜೆಯನ್ನು ರದ್ದುಪಡಿಸಿ, ಪ್ರತಿನಿಧಿಯವರ ಮುಂದೆ ಮಧ್ಯಮ ಮಾದರಿಯನ್ನೂ ಉದುರಿದ ಹಲ್ಲುಗಳನ್ನೂ ಇಡಲು ಅನುಮತಿ ನೀಡಬೇಕೆಂದು ಕೋರಿದೆ. ಆಯ್ಕೆ ಅವರಿಗೆ ಒಪ್ಪಿಗೆಯಾದರೆ ಹೊಸ ಅಚ್ಚು ಬೇಕಾಗುತ್ತದೆ. ಹೊಸ ಅಚ್ಚಿಗೆ ಪ್ರೆಸ್ಸಿನವರು ಬೇಕಾಗುತ್ತಾರೆ. ಇದನ್ನೂ ತಾವು ಯೋಚನೆ ಮಾಡಬಹುದು.

ಒಂದು ವೇಳೆ ರದ್ದುಪಡಿಸಲು ಸಾಧ್ಯವಾಗದಿದ್ದಲ್ಲಿ, ಅರ್ಜಿದಾರರಿಗೆ ಸೋಮವಾರ ಬರಲಿರುವ ಕಾಯಿಲೆ ಯಾವುದೆಂದು ಲಿಖಿತವಾಗಿ ತಿಳಿಸಿಕೊಡಬೇಕು. ಮನೆಯಲ್ಲಿ ಗಂಜಿ ಮಾಡಬೇಕೋ ಹಂದಿ ಸಾರು ಮಾಡಬೇಕೋ ಎಂದು ಶ್ರೀಮತಿಯವರು ಶನಿವಾರದೊಳಗೆ ತಿಳಿಯಬಯಸುತ್ತಾರೆ.

ರಜೆಯಲ್ಲಿದ್ದರೂ ಇಲ್ಲದಿದ್ದರೂ ತಮ್ಮ ವಿಶ್ವಾಸಿ,
ಜೆರೋಮ್ ಇರುದಯರಾಜ್
(ಈ ಅರ್ಜಿಗೆ ಮಾತ್ರ ಸಹಿ ಹಾಕಿದೆ)

ಲಗತ್ತುಗಳು:
ಪಟ್ಟಿಯಿಂದ ಉದುರಿದ ಹಲ್ಲುಗಳು, ಬೆಂಕಿಪೊಟ್ಟಣದಲ್ಲಿ.
ಮಧ್ಯಮ ಮಾದರಿ, ಜೊತೆ ಒಂದು. ಮಂಟೇಸ್ವಾಮಿಯವರು ಕೊಡಲು ಒಪ್ಪದ್ದರಿಂದ ತಡವಾಗಿ ಲಗತ್ತಿಸಿದೆ.
ರಜೆ ಆದೇಶ, ಟೀ ಲೋಟದ ಗುರುತು ಸಮೇತ.

ಪ್ರತಿ: ಖರೀದಿದಾರರ ಪ್ರತಿನಿಧಿಯವರಿಗೆ, ಮಾಹಿತಿಗಾಗಿ. ಅವರಿಗೆ ಕನ್ನಡ ಬಾರದ ಕಾರಣ ಮಗಳು ವಿನೀತಾ ಇಂಗ್ಲಿಷಿಗೆ ತರ್ಜುಮೆ ಮಾಡಿದ್ದು, ಇಮೇಲ್ ಇಂದು ಬೆಳಿಗ್ಗೆಯೇ ಹೋಗಿದೆ.

ಕಚೇರಿ ಷರಾ: ಓದಿದೆ. ಪ್ರತಿನಿಧಿಯವರಿಂದ ಮಧ್ಯಾಹ್ನವೇ ಉತ್ತರ ಬಂದಿದೆ; ಮಧ್ಯಮ ಮಾದರಿ ನೋಡಬೇಕಂತೆ, ಗಿರಣಿಗೂ ಹೋಗಬೇಕಂತೆ. ಸೋಮವಾರ ಕಾರು ವ್ಯವಸ್ಥೆ ಮಾಡುವುದು. ಮಂಟೇಸ್ವಾಮಿಯವರನ್ನೂ ಕರೆದೊಯ್ಯುವುದು. ರಜೆ ರದ್ದು. ಅರ್ಜಿದಾರರಿಗೆ ಯಾವ ಕಾಯಿಲೆಯೂ ಇರುವುದಿಲ್ಲ.

ಸಹಿ/-
ಸ್ವರೂಪ್