ಉಪ್ಸಾರಿನ ಮಹಜರು

ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನ ತಂದೆತಾಯಂದಿರನ್ನು ಉದ್ಧಾರ ಮಾಡಿಯೇ ಕಣ್ಣು ಮುಚ್ಚುವುದೆಂದು ನಿವೃತ್ತ ಶಿರಸ್ತೇದಾರ್ ಶಿವಮೂರ್ತಿಯವರು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ತೀರ್ಮಾನಿಸಿಬಿಟ್ಟರು. ಬಾಯಲ್ಲಿ ಪೇಸ್ಟಿನ ನೊರೆ ಇದ್ದುದರಿಂದ ಘೋಷಣೆ ಹೊರಗೆ ಬರಲಿಲ್ಲ, ಅಷ್ಟೆ. ಬಂದಿದ್ದರೆ ಕಪಿಲೆ, ಕಾವೇರಿ ಎರಡೂ ಹರಿಯುವುದನ್ನು ಒಂದು ಗಳಿಗೆ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದವು!

ಉದ್ಧಾರಕ್ಕೆ ಕಾರಣವಿತ್ತು. ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಗೌತಮಿ ಮೈಸೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಸೇರಿ ಹಾಸ್ಟೆಲಿನಲ್ಲಿದ್ದಳು. ಅದೇ ಕಾಲೇಜಿಗೆ ಮಕ್ಕಳನ್ನು ಕಳಿಸಿದ್ದ ಈ ಕಡೆಯ ತಂದೆತಾಯಂದಿರೆಲ್ಲ ಸೇರಿ ‘ಹೆತ್ತವರ ಬಳಗ’ ಎಂಬ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದರು. ಕಷ್ಟ ಹೇಳಿಕೊಳ್ಳುವುದು, ತಿಳಿದವರು ಸಲಹೆ ಕೊಡುವುದು, ಇದು ಉದ್ದೇಶ. ಕಷ್ಟ ಇದ್ದವರು ಬಳಗದ ತುಂಬ ಇದ್ದರು. ತಿಳಿದವರು ಒಬ್ಬರೇ. ಅವರು ಯಾರೆಂಬುದನ್ನು ಶಿವಮೂರ್ತಿಯವರ ಬಾಯಿಂದಲೇ ಕೇಳಬೇಕು.

ಅವರ ಸಲಹೆಗಳೋ, ತಾಲ್ಲೂಕು ಕಚೇರಿಯ ಹುಕುಂಗಳು. ಬನ್ನೂರಿನ ಶಿವನಂಜಮ್ಮ, “ನಮ್ ಮಗ ಜಗನ್ನು ಫೋನೇ ಎತ್ತಲ್ಲ ಕಣಣ್ಣ, ಎದೆ ಡವಡವ ಅಂತದೆ” ಎಂದು ಗುಂಪಿನಲ್ಲಿ ಗೋಳಿಟ್ಟರು. ತಕ್ಷಣ ಆಜ್ಞೆ ಹೊರಬಿತ್ತು: “ಮಗ ಫೋನ್ ಎತ್ತದಿದ್ದಲ್ಲಿ ತಾಯಿಯು ಫೋನ್ ಮಾಡುವುದನ್ನು ನಿಲ್ಲಿಸತಕ್ಕದ್ದು. ಹುಡುಗ ತಾನಾಗಿ ದಾರಿಗೆ ಬರುವನು.” ಶಿವನಂಜಮ್ಮ ನಿಲ್ಲಿಸಿದರು. ಮಗನಿಗೆ ಅದೆಷ್ಟು ಹಿತವಾಯಿತೆಂದರೆ, ತನಗೆ ಅಮ್ಮ ಅಂತ ಒಬ್ಬರು ಇರುವುದೇ ಮರೆತುಹೋಯಿತು! ಆದರೂ ಪ್ರತಿ ಹುಕುಮಿನ ಕೆಳಗೂ ಹೆಬ್ಬೆಟ್ಟುಗಳು ಸಾಲಾಗಿ ಬೀಳುತ್ತಿದ್ದವು. ಇಡೀ ಸರ್ವಿಸಿನಲ್ಲಿ ಜಮೀನಿನ ಕಾಗದಗಳ ಮೇಲೂ ಶಿವಮೂರ್ತಿಯವರು ಅಷ್ಟೊಂದು ಹೆಬ್ಬೆಟ್ಟು ಕಂಡಿರಲಿಲ್ಲ.

ಬರುವ ಭಾನುವಾರ ಬಳಗದವರೆಲ್ಲ ಸೋಮನಾಥಪುರದಲ್ಲಿ ಸೇರಿ ಅಧ್ಯಕ್ಷರನ್ನು ಆರಿಸುವುದೆಂದು ಗೊತ್ತಾಗಿತ್ತು. ಆ ಅಧ್ಯಕ್ಷ ಪಟ್ಟ ಶಿವಮೂರ್ತಿಯವರಿಗೆ ಬೇಕೇ ಬೇಕಿತ್ತು. ನಿವೃತ್ತಿಯಾದ ಮೇಲೆ ಅವರನ್ನು ಕಂಡು ಎದ್ದು ನಿಂತ ಜೀವ ಅಂದರೆ ಬೀದಿಯ ಕಂದು ನಾಯಿ ಒಂದೇ. ಅದೂ ಬಿಸ್ಕತ್ತಿನ ಆಸೆಗೆ. ಅಧ್ಯಕ್ಷಗಿರಿಗೆ ಇನ್ನೊಂದು ಹೆಸರೂ ಓಡಾಡುತ್ತಿತ್ತು. ನಂಜನಗೂಡು ಕಡೆಯ ತಗಡೂರಿನ ಮರಿಯಯ್ಯ. ಶಿವಮೂರ್ತಿಯವರ ಹೆಂಡತಿ ಇಂದ್ರಾಣಿಯ ಸ್ವಂತ ಅಣ್ಣ! ಆತನ ಮಗಳು ಕವನ, ಗೌತಮಿಯ ಹಾಸ್ಟೆಲಿನಲ್ಲೇ ಇದ್ದಳು.

ಭಾವನನ್ನು ಮೀರಿಸಬೇಕಾದರೆ ಏನಾದರೂ ಭಾರೀ ಸುಧಾರಣೆ ಆಗಬೇಕಲ್ಲ? ಶಿವಮೂರ್ತಿಯವರ ಕಣ್ಣು ಕ್ಯಾರಿಯರ್ ಮೇಲೆ ಬಿತ್ತು. ಈ ಕಡೆ ತಾಯಂದಿರು ಬೆಳಗಿನ ಬಸ್ಸಿಗೆ ಊಟದ ಕ್ಯಾರಿಯರ್ ಕೊಟ್ಟು ಕಳಿಸುತ್ತಾರೆ. ಹಾಸ್ಟೆಲ್ ಹತ್ತಿರದ ಸ್ಟಾಪಿನಲ್ಲಿ ಮಕ್ಕಳು ಬಂದು ಇಳಿಸಿಕೊಳ್ಳುತ್ತಾರೆ. ಡ್ರೈವರ್ ಪಕ್ಕ ಇಂಜಿನ್ನಿನ ಮೇಲೆ ಕ್ಯಾರಿಯರುಗಳು ಮದುವೆ ದಿಬ್ಬಣದ ಹಾಗೆ ಒತ್ತಿ ಕೂತು, ಒಂದೊಂದು ಹಳ್ಳಕ್ಕೂ ಕುಲುಕಾಡಿ, ಮೈಸೂರು ಮುಟ್ಟುವ ಹೊತ್ತಿಗೆ ಎಲ್ಲರ ಮನೆ ಸಾರುಗಳೂ ಬೀಗರಾಗಿರುತ್ತಿದ್ದವು!

“ಇವತ್ತಿಂದ ಕ್ಯಾರಿಯರ್ ನಿಷೇಧ ಮಾಡ್ಬಿಟ್ಟೆ ಕಣೇ” ಎಂದು ಶಿವಮೂರ್ತಿಯವರು ಗುಂಪಿಗೆ ಹುಕುಂ ಕಳಿಸಿ ಮೀಸೆ ತೀಡಿದರು.

“ಹಾಸ್ಟೆಲಲ್ಲಿ ಅನ್ನ ಕಲ್ಲಿದ್ದಂಗೆ ಇರ್ತದಂತೆ. ಮಗು ಸೊರಗೋಗದೆ ಕಣ್ರೀ” ಎಂದಳು ಇಂದ್ರಾಣಿ.

“ಕಲ್ಲು ತಿನ್ಲಿ, ಗಟ್ಟಿ ಆಯ್ತಾಳೆ.”

“ನಿಮ್ ಮುದ್ದೆ ಒಸಿ ಗಟ್ಟಿ ಆದ್ರೆ ತಟ್ಟೆ ತಳ್ತೀರಲ್ಲ?”

“ನಂದು ಬೇರೆ. ನಾನು ಆಗಲೇ ಕಾಲೇಜು ಮುಗಿಸಿವ್ನಿ.”

ಇಂದ್ರಾಣಿ ಮಾತು ಬೆಳೆಸಲಿಲ್ಲ. ಮಾತು ಬೆಳೆಸದ ಹೆಂಡತಿಯನ್ನು ಕಂಡರೆ ಜಾಗ್ರತೆಯಾಗಿರಬೇಕು ಎಂಬ ಸಲಹೆಯೊಂದು ಮಾತ್ರ ಶಿವಮೂರ್ತಿಯವರ ಭಂಡಾರದಲ್ಲಿ ಇರಲಿಲ್ಲ.

ಹುಕುಂ ಜಾರಿಯಾಗಿದೆಯೋ ಇಲ್ಲವೋ ಎಂದು ಖುದ್ದು ಪರಿಶೀಲಿಸಲು ಶನಿವಾರ ಬೆಳಿಗ್ಗೆ ಅವರು ತಮ್ಮೂರು ನರಸೀಪುರದ ಬಸ್‌ಸ್ಟ್ಯಾಂಡಿಗೆ ದಂಡಯಾತ್ರೆ ಹೊರಟರು. ಮೈಸೂರಿನ ಬಸ್ಸು ಹತ್ತಿ ಇಣುಕಿದರೆ, ಆಹಾ! ಇಂಜಿನ್ ಮೇಲೆ ದಿಬ್ಬಣವೇ ಇಲ್ಲ. ಒಂದಷ್ಟು ಬಟ್ಟೆ ಬ್ಯಾಗುಗಳು ಮಾತ್ರ ಸಾಧುಸಂತರ ಹಾಗೆ ಕೂತಿವೆ. ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ. ಅಷ್ಟರಲ್ಲಿ ಕಂಡಿತು, ಹಸಿರು ವೈರ್ ಬ್ಯಾಗಿನೊಳಗೆ ಥಳಥಳಿಸುವ ಸ್ಟೀಲಿನ ಕ್ಯಾರಿಯರ್!

“ಯಾರದಯ್ಯಾ ಇದು?” ಎಂದು ಗುಡುಗಿದರು.

“ಅದಾ ಸಾ, ಅದು ನಿಮ್…” ಎಂದ ಕಂಡಕ್ಟರ್.

“ಹೇಳ್ಬೇಡ! ಸಾಕ್ಷಿ ಹೇಳಿಕೆ ಆಮೇಲೆ. ಮೊದ್ಲು ಮಹಜರು ಆಗ್ಲಿ!”

“ಅಲ್ಲ ಸಾ, ಕೊಟ್ಟೋರು ಯಾರು ಅಂದ್ರೆ…”

“ನಿನ್ ಕೆಲ್ಸ ಟಿಕೆಟ್ ಹರಿಯೋದು. ಹರಿ, ಓಗು.”

ಕ್ಯಾರಿಯರನ್ನು ಇಳಿಸಿ ಕಲ್ಲುಬೆಂಚಿನ ಮೇಲೆ ಇಟ್ಟರು. ಬಸ್ಸು ಅದನ್ನು ಬಿಟ್ಟೇ ಹೊರಟುಹೋಯಿತು. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಬಿಸಿಲಿಗೆ ಹೊಳೆಯಿತು: ‘ಮರಿಯಯ್ಯ, ತಗಡೂರು’. ಶಿವಮೂರ್ತಿಯವರು ಎರಡು ಸಲ ಓದಿದರು. ಎರಡನೆಯದು ಬರೀ ಸಂತೋಷಕ್ಕೆ. ತಗಡೂರಿನ ಕ್ಯಾರಿಯರ್ ನರಸೀಪುರಕ್ಕೆ ಯಾಕೆ ಬಂತು ಎಂಬ ಸಣ್ಣ ತಕರಾರು ಮನಸ್ಸಿನಲ್ಲಿ ಎದ್ದಿತು. ಎದ್ದಷ್ಟೇ ಬೇಗ ಅವರದನ್ನು ವಜಾ ಮಾಡಿದರು. ಭಾವ ಬಲು ಕಿಲಾಡಿ. ನಂಜನಗೂಡಿನಲ್ಲಿ ಸಿಕ್ಕಿಬೀಳುತ್ತೇನೆಂದು ಇಲ್ಲಿಗೆ ಬಂದು ಬಸ್ಸಿಗೆ ಇಟ್ಟಿದ್ದಾನೆ!

ಮಾಲನ್ನು ಪರೀಕ್ಷಿಸದೆ ಮಹಜರು ಆಗುವುದುಂಟೆ? ಕೆಳಗಿನ ಡಬ್ಬಿಯಲ್ಲಿ ಮುದ್ದೆ, ನಡುವಿನದರಲ್ಲಿ ಹುರುಳಿಕಾಳು ಬೇಯಿಸಿ ಬಸಿದ ಉಪ್ಸಾರು, ಮೇಲಿನದರಲ್ಲಿ ಖಾರ ಮತ್ತು ಬೇಯಿಸಿದ ಮೊಟ್ಟೆ. ಕರ್ತವ್ಯ ಎಂದುಕೊಂಡು ಒಂದು ತುತ್ತು ಮುರಿದರು. ಆಮೇಲೆ ಇನ್ನೊಂದು ತುತ್ತು ಕರ್ತವ್ಯ. ಸ್ವಲ್ಪ ಹೊತ್ತಿನಲ್ಲಿ ಕರ್ತವ್ಯ ಪೂರ್ತಿ ಮುಗಿದು, ಕ್ಯಾರಿಯರಿನ ತಳ ಕಂಡಿತು. ತಳದ ಫೋಟೊ ತೆಗೆದು ಗುಂಪಿಗೆ ಬಿಟ್ಟರು:

“ಜಪ್ತಿ ಮಹಜರು. ಆರೋಪಿ: ತಗಡೂರು ಮರಿಯಯ್ಯ. ಮಾಲನ್ನು ಸ್ಥಳದಲ್ಲೇ ರುಚಿ ನೋಡಲಾಗಿ, ಹೆಸರು ಉಪ್ಸಾರು, ಉಪ್ಪು ಮಾತ್ರ ಗೈರುಹಾಜರು! ಇಂಥ ದನದ ಕಲಗಚ್ಚು ಕಾಯಿಸಿದ ಕೈಗೆ ದೊಡ್ಡ ನಮಸ್ಕಾರ. ಇದನ್ನು ಉಣ್ಣುವ ಮಗುವಿಗೆ ಹಾಸ್ಟೆಲ್ ಊಟವೇ ಮೃಷ್ಟಾನ್ನ!”

ಗುಂಪಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಮರಿಯಯ್ಯನಿಂದ ಮಾತ್ರ ಒಂದೇ ಒಂದು ಹೆಬ್ಬೆಟ್ಟು ಬಂತು. ತಪ್ಪೊಪ್ಪಿಗೆ! ಎಂದುಕೊಂಡ ಶಿವಮೂರ್ತಿಯವರು ವಿಜಯಪತಾಕೆಯ ಹಾಗೆ ಕ್ಯಾರಿಯರ್ ಆಡಿಸುತ್ತಾ ಮನೆಗೆ ಬಂದು, ಊಟಕ್ಕೆ ಕೂತರು.

ಇಂದ್ರಾಣಿ ತಟ್ಟೆ ಇಟ್ಟಳು. ತಟ್ಟೆಯ ನಡುವೆ ಒಂದು ಬೊಗಸೆ ಕಲ್ಲುಪ್ಪು. ಮತ್ತೇನೂ ಇಲ್ಲ.

“ಏನೇ ಇದು?”

“ಉಪ್ಪು. ಗೈರುಹಾಜರಾಗಿತ್ತಲ್ಲ, ಈಗ ಹಾಜರದೆ. ಉಣ್ಣಿ.”

“ಓಹೋ, ನಿಮ್ಮಣ್ಣನ್ನ ಅಂದಿದ್ದಕ್ಕೆ ಸಿಟ್ಟಾ? ಕಾನೂನಿನ ಮುಂದೆ ಭಾವ ಇಲ್ಲ, ಬಾಮೈದ ಇಲ್ಲ ಕಣೇ.”

“ಹೆಂಡ್ತಿ?”

“ಹೆಂಡ್ತೀನೂ ಇಲ್ಲ!”

“ಸರಿ. ನಾಳೆ ಸೋಮನಾಥಪುರಕ್ಕೆ ನಾನೂ ಬತ್ತೀನಿ” ಎಂದು ಇಂದ್ರಾಣಿ ಒಳಗೆ ಹೋದಳು. ಗಂಡನಿಗೆ ಹಾರ ಬೀಳುವುದನ್ನು ನೋಡಲು ಪಾಪ ಅವಳಿಗೂ ಆಸೆ ಎಂದುಕೊಂಡು ಶಿವಮೂರ್ತಿಯವರು ಒಂದು ಚೊಂಬು ನೀರು ಕುಡಿದು ಎದ್ದರು.

ಭಾನುವಾರ ದೇವಸ್ಥಾನದ ಹೊರಗಿನ ಮರದಡಿ ಜಮಖಾನ ಹಾಸಿ ಬಳಗ ಕೂತಿತು. ಶಿವಮೂರ್ತಿಯವರು ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಎದ್ದು ನಿಂತು, ಜಪ್ತಿಯಾದ ಕ್ಯಾರಿಯರನ್ನು ಯುದ್ಧದಲ್ಲಿ ಗೆದ್ದ ಕಿರೀಟದಂತೆ ಎತ್ತಿ ಹಿಡಿದರು. “ಬಂಧುಗಳೇ! ಮಮತೆ ಎಂಬ ಈ ಮಹಾರೋಗ…”

“ಬಾವ, ಒಂದ್ ಮಾತು” ಎಂದು ಮರಿಯಯ್ಯ ಕೂತಲ್ಲಿಂದಲೇ ಕೈ ಎತ್ತಿದ. “ನಮ್ ತಗಡೂರಿಂದ ಮೈಸೂರ್‌ಗೆ ಓಗೋ ಬಸ್ಸು ಯಾವ್ ಕಡೆಯಿಂದ ಓಯ್ತದೆ?”

“ನಂಜನಗೂಡಿನ ಮೇಲೆ. ಅದಕ್ಕೇನೀಗ?”

“ಮತ್ತೆ ನನ್ ಕ್ಯಾರಿಯರ್ರು ನರಸೀಪುರದಲ್ಲಿ ಏನ್ ಮಾಡ್ತಿತ್ತು? ಸಂಗಮದಲ್ಲಿ ಮುಳುಗೇಳಕ್ಕೆ ಬಂದಿತ್ತಾ?”

ಜಮಖಾನ ಗೊಳ್ಳೆಂದಿತು.

“ಅದೇ ನಿಮ್ಮ ಕುಯುಕ್ತಿ! ಹೆಸರು ಕೊರೆದದೆ, ನೋಡಿ ಇಲ್ಲಿ!”

ಆಗ ಇಂದ್ರಾಣಿ ಸೆರಗು ಸಿಕ್ಕಿಸಿಕೊಂಡು ಎದ್ದಳು. “ದಿನಾ ನೀವು ಉಣ್ಣೋ ತಟ್ಟೆ ಮೇಲೆ ಪುಟ್ಟಮಾದಮ್ಮ ಅಂತ ಕೊರೆದದೆ. ಹಂಗಂತ ನೀವು ಪುಟ್ಟಮಾದಮ್ಮನ ಮನೇಲಿ ಉಣ್ತಾ ಇದ್ದೀರಾ?”

ಶಿವಮೂರ್ತಿಯವರ ಕೈ ಗಾಳಿಯಲ್ಲೇ ನಿಂತಿತು. ಮುಯ್ಯಿ! ಮದುವೆಗೆ ಪಾತ್ರೆ ಮುಯ್ಯಿ ಮಾಡುವವರು ತಮ್ಮ ಹೆಸರು ಕೊರೆಸಿಯೇ ಕೊಡುವುದು. ಅವರ ಅಡುಗೆಮನೆಯ ಚೊಂಬು, ಲೋಟ, ತಟ್ಟೆಗಳಲ್ಲಿ ಇಡೀ ಬಂಧುಬಳಗದ ಹೆಸರಿತ್ತು. ಇಲ್ಲದ್ದು ಅವರದೊಂದೇ.

“ನಿಮ್ ಮದ್ವೇಲಿ ನಾನೇ ಮುಯ್ಯಿ ಇಕ್ಕಿದ್ದು ಬಾವ” ಎಂದ ಮರಿಯಯ್ಯ. “ಅಟ್ಟದ ಮೇಲೆ ಬಿದ್ದಿತ್ತು. ಪರವಾಗಿಲ್ಲ, ಈಗ್ಲಾದ್ರೂ ನನ್ ಹೆಸ್ರು ಓದಿದ್ರಲ್ಲ!”

“ಹಂಗಾದ್ರೆ ಆ ಉಪ್ಸಾರು…”

“ಕಲಗಚ್ಚು ಅನ್ನಿ” ಎಂದಳು ಇಂದ್ರಾಣಿ. “ನಿಮ್ ಬೀಪಿಗೆ ಅಂತ ಡಾಕ್ಟ್ರು ಉಪ್ಪು ಕಮ್ಮಿ ಮಾಡ್ಸವ್ರೆ. ಮನೇಲಿರೋದು ಒಂದೇ ಪಾತ್ರೆ ಸಾರು. ನಡುಮನೇಲಿ ಉಂಡ್ರೆ ಅಮೃತ, ಬಸ್‌ಸ್ಟ್ಯಾಂಡಲ್ಲಿ ಉಂಡ್ರೆ ಕಲಗಚ್ಚಾ? ನಿನ್ನೆ ಮಗೂಗೆ ಪರೀಕ್ಷೆ ಇತ್ತು. ಸ್ಟಾಪಲ್ಲಿ ಬಸ್ಸು ನೋಡ್ಕಂಡು ನಿಂತಿದ್ದು, ಬರೀ ಬನ್ನು ತಿಂದು ಓಗಿ ಬರ್ದದೆ.”

ಶಿವಮೂರ್ತಿಯವರು ಎತ್ತಿ ಹಿಡಿದಿದ್ದ ಕಿರೀಟವನ್ನು ಇಳಿಸಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

“ಪರೀಕ್ಷೆ ಅಂತ ನಂಗ್ಯಾಕೆ ಒಬ್ರೂ ಹೇಳ್ಲಿಲ್ಲ?” ಎಂದರು ಮೆಲ್ಲಗೆ.

“ಹೇಳಿದ್ರೆ ಸಲಹೆ ಕೊಡ್ತಿದ್ರಲ್ಲ!”

ಬನ್ನೂರಿನ ಶಿವನಂಜಮ್ಮ ಗಂಟಲು ಸರಿಮಾಡಿಕೊಂಡರು. “ನಮ್ದೂ ತಪ್ಪು ಅದೆ ಕಣಣ್ಣ. ನಾವೆಲ್ಲ ಬಟ್ಟೆ ಬ್ಯಾಗಲ್ಲಿ ಮುಚ್ಚಿ ಕಳಿಸ್ತಿದ್ದೊ. ಕಾಣಂಗೆ ಇಟ್ಟಿದ್ದು ಇಂದ್ರಾಣಮ್ಮ ಒಬ್ರೇಯ.” ಆ ಸಾಧುಸಂತರಂಥ ಬ್ಯಾಗುಗಳು ಕಣ್ಣೆದುರು ಬಂದು ಶಿವಮೂರ್ತಿಯವರನ್ನು ನೋಡಿ ಹಲ್ಲು ಕಿರಿದವು. ಅವರು ಜಮಖಾನದ ಮೇಲೆ ಕುಸಿದರು. ಅಂಗಿಯ ಇಸ್ತ್ರಿ ಕೊನೆಗೂ ಮುರಿಯಿತು.

ಅಧ್ಯಕ್ಷಗಿರಿ ಮರಿಯಯ್ಯನ ಪಾಲಾಯಿತು. ಅಧ್ಯಕ್ಷರ ಮೊದಲ ಹುಕುಂ ಏನು ಗೊತ್ತೆ? “ಕ್ಯಾರಿಯರ್ ವಿಚಾರದಲ್ಲಿ ನಮ್ ಬಾವನಷ್ಟು ಅನುಭವ ಯಾರಿಗೂ ಇಲ್ಲ. ಇನ್ಮೇಲೆ ಶನಿವಾರ ಶನಿವಾರ ನರಸೀಪುರದ ಕಡೆ ಕ್ಯಾರಿಯರೆಲ್ಲ ಅವ್ರೇ ಖುದ್ದು ಮುಟ್ಟಿಸ್ಲಿ. ದಾರೀಲಿ ಮಾತ್ರ ಮಹಜರು ಮಾಡಂಗಿಲ್ಲ!”

ಮುಂದಿನ ಶನಿವಾರ ಹಾಸ್ಟೆಲ್ ಗೇಟಿನ ಮುಂದೆ ಮಾಜಿ ಶಿರಸ್ತೇದಾರರು ಎರಡೂ ಕೈಗೆ, ಹೆಗಲಿಗೆ, ಕುತ್ತಿಗೆಗೆ ಕ್ಯಾರಿಯರ್ ತಗಲಿಸಿಕೊಂಡು ಪಾತ್ರೆ ಅಂಗಡಿಯೇ ನಡೆದು ಬಂದಂತೆ ಬಂದಿಳಿದರು. ಮಕ್ಕಳು ತಮ್ಮ ತಮ್ಮದನ್ನು ಬಿಚ್ಚಿಕೊಂಡು ಹೋದಮೇಲೆ ಒಳಗಿದ್ದ ಮನುಷ್ಯ ಕಾಣಿಸಿದ. ಗೌತಮಿ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂತು, ಮುಚ್ಚಳ ತೆಗೆದು, ಮುದ್ದೆ ಮುರಿದು ಸಾರಿಗೆ ಅದ್ದಿದಳು. ಬಾಯಿ ಚಪ್ಪರಿಸಿ ಅರೆಗಳಿಗೆ ಯೋಚಿಸಿದಳು.

“ಅಪ್ಪಾ, ಉಪ್ಪು ಕಮ್ಮಿ ಅಲ್ವಾ?”

ಶಿವಮೂರ್ತಿಯವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಜೇಬಿನಲ್ಲಿದ್ದ ಫೋನಿನ ಬಾಯಿಯ ಮೇಲೆ ಅಂಗೈ ಅದುಮಿದರು. ಆಮೇಲೆ ಇನ್ನೊಂದು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಮಗಳ ಕೈಗೆ ಸರಿಸಿ ಪಿಸುಗುಟ್ಟಿದರು:

“ಸುಮ್ನೆ ಉದುರಿಸ್ಕೊಂಡು ತಿನ್ನು ಮಗ. ಅವತ್ತು ನಿಮ್ಮಮ್ಮ ನಂಗೆ ಬಡಿಸಿದ್ ಊಟ ಇನ್ನೂ ಮಿಕ್ಕದೆ!”