ಹೆಸರು ಕೂಗಿದರೆ ತಿರುಗದ ಮಗಳು

ನಗುವಂಥ ಸಂಗತಿಗಳು ನಮ್ಮ ಮನೆಯಲ್ಲಿ ಆಗುತ್ತಲೇ ಇರುತ್ತವೆ. ಆಗುವಾಗ ಮಾತ್ರ ಯಾರಿಗೂ ನಗು ಬರುವುದಿಲ್ಲ. ನಗು ಬರುವುದು ಎರಡು ದಿನ ಬಿಟ್ಟು. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟೂಲ್ ರೂಮ್ ನೋಡಿಕೊಳ್ಳುವವನು, ಮನೆ ಬಾಗಲಗುಂಟೆಯಲ್ಲಿ. ಹುಟ್ಟಾ ಪುಕ್ಕಲ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ತಟ್ಟೆ

ಮಗಳಿಗೆ ಮೂರು ತುಂಬಿದರೂ ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಮೊದಲು ಆಡುತ್ತಿದ್ದ ನಾಲ್ಕು ಮಾತೂ ನಿಂತುಹೋಗಿದ್ದವು. ಕಿವಿ ಕೇಳಿಸುತ್ತಿಲ್ಲವೇನೋ ಎಂದು ನನಗೆ ಭಯ. ಅದನ್ನು ಹೆಂಡತಿಗೆ ಹೇಳುವುದಕ್ಕೆ ಇನ್ನೂ ಭಯ. ಒಂದು ದಿನ ಅವಳು ತರಕಾರಿಗೆ ಹೋದ ಹೊತ್ತು ನೋಡಿಕೊಂಡು ನಾನೇ ಪರೀಕ್ಷೆಗೆ ಇಳಿದೆ. ಮಗಳು ನೆಲದ ಮೇಲೆ ಬಟ್ಟೆ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಸೌಟಿನಿಂದ ಒಂದು ಬಿಟ್ಟೆ. ತಿರುಗಲಿಲ್ಲ. ಇನ್ನೊಂದು ಬಿಟ್ಟೆ. ಕ್ಲಿಪ್ಪು ಜೋಡಿಸುತ್ತಲೇ ಇದ್ದಳು. ನನಗೆ ಅಳು ಬಂತು. ಅಳುತ್ತಲೇ ಬಡಿಯತೊಡಗಿದೆ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಕಿವಿ ಕೇಳುತ್ತೆ ಕಣ್ರೀ," ಎಂದಳು ಮೆಲ್ಲಗೆ. "ನೀವು ಡ್ಯೂಟಿಗೆ ಹೋದಾಗ ನಾನೂ ದೇವರ ಗಂಟೆ ಬಾರಿಸಿ ನೋಡಿದೀನಿ. ಪಕ್ಕದ ಮನೆ ಕುಕ್ಕರ್ ಕೂಗಿದ್ರೆ ಎರಡೂ ಕೈಯಲ್ಲಿ ಕಿವಿ ಮುಚ್ಕೋತಾಳೆ. ಕಿವಿಯಲ್ಲ. ಬೇರೆ ಏನೋ ಇದೆ."

ಆ 'ಬೇರೆ ಏನೋ' ಏನೆಂದು ಕೇಳದೆ ನಾನು ತಟ್ಟೆ ಒರೆಸಿ ಸ್ಟ್ಯಾಂಡಿನಲ್ಲಿ ಇಡಹೋದೆ. ಅಷ್ಟರಲ್ಲಿ ಮೇಲಿನ ಮನೆಯವರು ತಟ್ಟೆ ಹಿಡಿದುಕೊಂಡು ಓಡಿಬಂದರು.

"ಮತ್ತೆ ಕೊರೊನಾನಾ ಸಾರ್? ತಟ್ಟೆ ಬಡೀಬೇಕು ಅಂತ ನಮಗೆ ಮೆಸೇಜೇ ಬಂದಿಲ್ವಲ್ಲ!"

ಡಾಕ್ಟರ ಪ್ರಶ್ನೆಗಳು

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸಿ ಸರಿಯಿದೆ ಎಂದರು. ಅಲ್ಲಿಂದ ಮಕ್ಕಳ ಬೆಳವಣಿಗೆ ನೋಡುವ ಒಬ್ಬ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಕಾಯುವ ಕೋಣೆಯಲ್ಲೇ ನನ್ನ ಶರ್ಟು ಒದ್ದೆಯಾಗಿತ್ತು. ಡಾಕ್ಟರಮ್ಮ ಒಂದು ಹಾಳೆ ಹಿಡಿದು ಕೇಳುತ್ತಾ ಹೋದರು, ಹೆಂಡತಿ ಉತ್ತರ ಕೊಟ್ಟಳು.

"ಸಾಲಾಗಿ ಜೋಡಿಸಿದ್ದನ್ನ ಯಾರಾದ್ರೂ ಮುಟ್ಟಿದ್ರೆ ಗಲಾಟೆ ಮಾಡೋದು ಇದೆಯಾ?"

"ಅಯ್ಯೋ ಇದೆ ಮೇಡಂ. ಒಂದು ಸ್ಪ್ಯಾನರ್ ಆಚೀಚೆ ಆದ್ರೂ ಮನೆ ತಲೆ ಮೇಲೆ."

ಡಾಕ್ಟರಮ್ಮನ ಪೆನ್ನು ನಿಂತಿತು. "ಮೂರು ವರ್ಷದ ಮಗು ಕೈಗೆ ಸ್ಪ್ಯಾನರ್ ಕೊಡ್ತೀರಾ?"

"ಮಗುಗಲ್ಲ ಮೇಡಂ, ಇವರಿಗೆ."

"ದಿನಾ ಒಂದೇ ಊಟ ಬೇಕು ಅನ್ನೋದು?"

"ಮಗಳಿಗೆ ಮೊಸರನ್ನ. ಇವರ ಡಬ್ಬಿಗೆ ಮದುವೆ ಆದಾಗಿಂದ ಚಿತ್ರಾನ್ನ."

"ಮಾತಾಡುವಾಗ ಎದುರಿಗಿರೋರ ಮುಖ ನೋಡೋದು?"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಮೇಜಿನ ಮೇಲಿದ್ದ ಪೇಪರ್‌ವೇಟನ್ನೇ ನೋಡುತ್ತಿದ್ದೆ.

ಆಮೇಲೆ ಡಾಕ್ಟರಮ್ಮ ಮಗಳ ಜೊತೆ ನೆಲದ ಮೇಲೆ ಕೂತು ತುಂಬಾ ಹೊತ್ತು ಆಡಿಸಿ ನೋಡಿದರು. ಎದ್ದು ಬಂದು ಆಟಿಸಂ ಎಂದರು. ಇದು ಯಾರ ತಪ್ಪೂ ಅಲ್ಲ, ನೀವು ಬೆಳೆಸಿದ ರೀತಿಯಿಂದ ಬಂದದ್ದಲ್ಲ, ವಾಸಿ ಮಾಡುತ್ತೀವಿ ಎಂದು ಯಾರಾದರೂ ಮದ್ದು ಮಾರಿದರೆ ಕೊಳ್ಳಬೇಡಿ, ಮಾತಿನ ತರಬೇತಿ ಬೇಗ ಶುರುಮಾಡಿ ಎಂದರು. ನನಗೆ ಇದ್ದದ್ದು ಒಂದೇ ಪ್ರಶ್ನೆ.

"ನಾವು ಸತ್ತಮೇಲೆ ಇವಳನ್ನ ಯಾರು ನೋಡ್ಕೋತಾರೆ ಮೇಡಂ?"

"ಆ ಯೋಚನೆ ಎಲ್ಲ ತಂದೆತಾಯಿಗೂ ಬರುತ್ತೆ ಸಾರ್. ಅದಕ್ಕೇ ಇವತ್ತಿನ ಕೆಲಸ ಇವತ್ತು ಶುರುಮಾಡೋಣ ಅನ್ನೋದು. ಬುಧವಾರ ಮಗಳನ್ನ ಕರ್ಕೊಂಡು ಬನ್ನಿ."

ಹೆಂಡತಿ ಕಣ್ಣೊರೆಸಿಕೊಂಡು ಕೇಳಿದಳು: "ಇವರನ್ನ ಯಾವತ್ತು ಕರ್ಕೊಂಡು ಬರಲಿ?"

ಚಪ್ಪಲಿ ಚಿತ್ರ

ಮಾತು ಬರುವವರೆಗೆ ಚಿತ್ರ ತೋರಿಸಿ ಕೇಳಲಿ ಎಂದು ತರಬೇತಿಯ ಟೀಚರು ಕಾರ್ಡುಗಳನ್ನು ಕೊಟ್ಟರು. ಲೋಟದ ಚಿತ್ರ ಕೊಟ್ಟರೆ ನೀರು, ಚಪ್ಪಲಿಯ ಚಿತ್ರ ಕೊಟ್ಟರೆ ಹೊರಗೆ ಹೋಗೋಣ. ಮೂರು ತಿಂಗಳು ನಾವಿಬ್ಬರೇ ಒಬ್ಬರಿಗೊಬ್ಬರು ಕಾರ್ಡು ಕೊಟ್ಟುಕೊಂಡೆವು. ಮಗಳು ಮುಟ್ಟಿಯೂ ನೋಡಲಿಲ್ಲ. ಇನ್ನೆಂದೂ ಮುಟ್ಟುವುದಿಲ್ಲವೇನೋ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಅಂಥ ಹೊತ್ತಿಗೆ ದಾವಣಗೆರೆಯಿಂದ ಹೆಂಡತಿಯ ಚಿಕ್ಕಮ್ಮ ಬಂದರು. ಕೂತವರೇ ಶುರುಮಾಡಿದರು: ಬಸುರಿಯಾಗಿದ್ದಾಗ ನೀನು ಫೋನು ಜಾಸ್ತಿ ನೋಡಿದೆ, ಅದಕ್ಕೇ ಹಿಂಗೆ. ಎರಡು ಏಟು ಕೊಟ್ಟರೆ ತಾನೇ ಮಾತಾಡ್ತಾಳೆ. ಹೆಂಡತಿ ತಲೆ ತಗ್ಗಿಸಿ ಒಂದು ಗಂಟೆ ಕೇಳಿಸಿಕೊಂಡಳು. ನಾನು ಚಿಕ್ಕಮ್ಮನಿಗೆ ಕಾಫಿ ಮೇಲೆ ಕಾಫಿ ತಂದುಕೊಟ್ಟೆ.

ಮೂಲೆಯಲ್ಲಿದ್ದ ಮಗಳು ಎದ್ದಳು. ಕಾರ್ಡಿನ ಡಬ್ಬಿಯಿಂದ ಒಂದೊಂದನ್ನೇ ತೆಗೆದು ನೋಡಿದಳು. ಒಂದನ್ನು ಆರಿಸಿ ತಂದು ಚಿಕ್ಕಮ್ಮನ ಮಡಿಲಲ್ಲಿಟ್ಟಳು. ಚಪ್ಪಲಿ.

ಹೆಂಡತಿ ಅತ್ತು, ನಕ್ಕು, ಮಗಳನ್ನು ಎತ್ತಿ ಮುದ್ದಾಡಿದಳು. ಚಿಕ್ಕಮ್ಮನೂ ಕರಗಿಹೋದರು: "ನೋಡವಾ, ನಾನು ಬಂದಿದ್ದಕ್ಕೇ ಮಗು ಬುದ್ಧಿ ಕಲಿತು! ಇನ್ನೊಂದು ವಾರ ಇದ್ದೇ ಹೋಗ್ತೀನಿ."

ನಾಮಕರಣ

ಈಗ ಅವಳ ಫ್ರಾಕುಗಳ ಒಳಗೆಲ್ಲ ನನ್ನ ಫೋನ್ ನಂಬರ್ ಹೊಲಿದಿದ್ದೇವೆ. ಆಗ ಹೊಲಿದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನಾನು ನೀರಿನ ಕ್ಯಾನು ಒಳಗಿಟ್ಟು ಬಂದು ನೋಡಿದರೆ ಗೇಟು ತೆರೆದಿದೆ, ಮಗಳಿಲ್ಲ.

ಹೆಸರು ಕೂಗಿದರೆ ತಿರುಗದ ಮಗುವನ್ನು ಏನೆಂದು ಕೂಗಿ ಹುಡುಕುವುದು? ಆದರೂ ಕೂಗಿಕೊಂಡು ಓಡಿದೆ. ಲಾರಿ ಹಾರ್ನು ಕೇಳಿದಾಗಲೆಲ್ಲ ದೊಡ್ಡ ರಸ್ತೆಯ ಕಡೆ ತಿರುಗಿ ಓಡುತ್ತಿದ್ದೆ. ಹೆಂಡತಿ ಬೀದಿಯ ಪ್ರತಿ ಮನೆಯ ಸಂಪಿನ ಮುಚ್ಚಳ ಎತ್ತಿ ನೀರೊಳಗೆ ಇಣುಕುತ್ತಿದ್ದಳು. ಒಂದೊಂದು ಮುಚ್ಚಳ ಎತ್ತುವಾಗಲೂ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮೇಲಿನ ಮನೆಯವರು ಪೊಲೀಸರಿಗೆ ಫೋನ್ ಮಾಡಿದರು. ಒಬ್ಬ ಪೇದೆ ಬೈಕಿನಲ್ಲಿ ಬಂದು ನಮ್ಮ ಜೊತೆ ಸೇರಿದರು.

ಮುಕ್ಕಾಲು ಗಂಟೆಯಾದ ಮೇಲೆ ಹಿಂದಿನ ಬೀದಿಯ ಒಂದು ಮನೆ ಮುಂದೆ ಶಾಮಿಯಾನ ಕಂಡಿತು. ಒಳಗೆ ನಾಮಕರಣ. ಹಿತ್ತಿಲ ಕಡೆ, ತಿರುಗುತ್ತಿರುವ ವಾಷಿಂಗ್ ಮಷಿನ್ನಿನ ಗಾಜಿಗೆ ಮೂಗು ಒತ್ತಿಕೊಂಡು ನಮ್ಮ ಮಗಳು ಕೂತಿದ್ದಳು. ಕೈಯಲ್ಲಿ ಅರ್ಧ ಹೋಳಿಗೆ.

"ಗಂಡಿನ ಕಡೆ ಮಗು ಅಂತ ನಾವು ಅಂದ್ಕೊಂಡ್ವಿ, ಹೆಣ್ಣಿನ ಕಡೆ ಅಂತ ಅವರು," ಎಂದರು ಮನೆಯ ಅಜ್ಜಿ. "ಎಷ್ಟು ಒಳ್ಳೆ ಮಗು! ಒಂದು ಮಾತಿಲ್ಲ."

ಪೇದೆ ಎತ್ತಿಕೊಳ್ಳಲು ಹೋದರು. ಹೆಂಡತಿ ತಡೆದಳು. "ನಡುವೆ ಎಳೆದ್ರೆ ತುಂಬಾ ಹೆದರಿಬಿಡ್ತಾಳೆ ಸಾರ್. ಮಷಿನ್ ನಿಲ್ಲಲಿ, ತಾನೇ ಏಳ್ತಾಳೆ." ಮಷಿನ್ನಿನ ಮೇಲೆ ಒಂಬತ್ತು ನಿಮಿಷ ಎಂದು ಕಾಣುತ್ತಿತ್ತು. ಪೇದೆ ಟೋಪಿ ತೆಗೆದು ಪಕ್ಕದಲ್ಲೇ ಕೂತರು. ಮೇಲಿನ ಮನೆಯವರು ಕೂತರು. ನಾವಿಬ್ಬರೂ ಕೂತೆವು. ಅಜ್ಜಿ ಎಲ್ಲರಿಗೂ ಹೋಳಿಗೆ ಕೊಟ್ಟರು. ಟವೆಲ್ ಸುತ್ತಿಕೊಂಡ ಒಬ್ಬ ಯುವಕ ಮಾತ್ರ ಹಿಂದೆ ನಿಂತು ಚಡಪಡಿಸುತ್ತಿದ್ದ.

ಮಷಿನ್ ಕೂಗಿ ನಿಂತಿತು. ಎಲ್ಲರೂ ಎದ್ದೆವು. ಪೇದೆ ಟೋಪಿ ಹಾಕಿಕೊಂಡರು. ಮಗಳು ಬೆರಳು ಚಾಚಿ ಮತ್ತೆ ಬಟನ್ ಒತ್ತಿದಳು.

"ಅಯ್ಯಯ್ಯೋ, ನಾಲ್ಕನೇ ಸಲ ಸಾರ್!" ಎಂದು ಟವೆಲ್ ಯುವಕ ಕಿರುಚಿದ. "ಪಾಯಸ ಚೆಲ್ತು ಅಂತ ಒಗೆಯೋಕೆ ಹಾಕಿದ್ದು. ಮಾವ ತಂದ ಪಂಚೆ, ಅದನ್ನೇ ಉಟ್ಟು ಕೂರಬೇಕು ಅಂತ ಅತ್ತೆ ಹಟ. ನಿಂತ ತಕ್ಷಣ ಮತ್ತೆ ಒತ್ತಿಬಿಡ್ತಾಳೆ, ಓಡೋವಾಗ ಬಾಗಿಲೇ ತೆರೆಯಲ್ಲ!"

ಅಷ್ಟರಲ್ಲಿ ಒಳಗಿನಿಂದ ಪುರೋಹಿತರ ಕೂಗು ಕೇಳಿಸಿತು: "ಮಗುವಿನ ತಂದೆ ಎಲ್ರೀ? ಮುಹೂರ್ತ ಮೀರ್ತಾ ಇದೆ!"

ಪೇದೆ ಮತ್ತೆ ಟೋಪಿ ತೆಗೆದರು, ಬಗ್ಗಿ ಮಷಿನ್ನಿನ ಅಂಕಿ ನೋಡಿದರು, ಒಳಗೆ ಕೇಳುವಂತೆ ಗಂಭೀರವಾಗಿ ಹೇಳಿದರು:

"ಇನ್ನು ಹದಿನೈದು ನಿಮಿಷ, ಸ್ವಾಮೀ."